ಮೇಲಿಂದ ನೋಡಿದರೆ ಎಲ್ಲವೂ ಚಂದ

ನಮಸ್ಕಾರ. ಇವತ್ತು ಬೇರೇನೋ ಮಾತಾಡಬೇಕು ಅಂದುಕೊಂಡಿದ್ದೆ, ಬೆಳಗ್ಗೆ ಒಂದು ಕಾಮೆಂಟ್ ಓದಿ ಕಾಫಿನೇ ತಣ್ಣಗಾಯಿತು. "ನಿಮ್ಮ ಹತ್ರ ಡ್ರೋನ್ ಇಲ್ಲ, ಅದಕ್ಕೆ ಹೊಟ್ಟೆಕಿಚ್ಚು." ಇದೆ ಸ್ವಾಮಿ. ನಾಲ್ಕು ಕಂತು ಬಾಕಿಯೂ ಇದೆ, ಸಬ್‌ಸ್ಕ್ರೈಬ್ ಮಾಡಿ ಅಂತ ಬಡಕೊಳ್ಳುವುದು ಅದಕ್ಕೇ.

ಹೋದ ವಾರ ಡ್ರೋನ್ ವಿಡಿಯೋಗಳ ಬಗ್ಗೆ ನಾನು ಹೇಳಿದ್ದು ಇಷ್ಟೇ. ಮೇಲಿಂದ ನೋಡಿದರೆ ಹಾಳಾಗಿದ್ದೂ ಚಂದ ಕಾಣುತ್ತದೆ. ಕುದುರೆಮುಖದ ಲಕ್ಯಾ ಡ್ಯಾಮ್ ವಿಡಿಯೋ ನೋಡಿ. ಸುತ್ತ ಹಸಿರು ಗುಡ್ಡ, ನಡುವೆ ನೀರು, ಪಕ್ಕದಲ್ಲಿ ನುಣ್ಣನೆ ಬಯಲು, ಹಿಂದೆ ಕೊಳಲು. ಕೆಳಗೆ 'ನಮ್ಮ ಸ್ವಿಟ್ಜರ್ಲೆಂಡ್' ಅಂತ ಬರೆದಿರುತ್ತಾರೆ. ಅಯ್ಯೋ, ಆ ಬಯಲು ಗಣಿ ಕೆಸರು ಮಾರಾಯ! ಗುಡ್ಡ ಅಗೆದು, ಪುಡಿ ಮಾಡಿ, ಅದಿರನ್ನು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸಿ, ಉಳಿದ ರಾಡಿ ತುಂಬಿಸಿಡೋಕೆ ಅಂತಲೇ ಕಟ್ಟಿದ ಡ್ಯಾಮ್ ಅದು. ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಕೆಸರು ಎಲ್ಲಿಗೆ ಹೋಗುತ್ತದೆ? ಅಲ್ಲೇ ಇದೆ. ಈಗ 4ಕೆ ವಿಡಿಯೋದಲ್ಲಿದೆ.

"ಹಾಗಾದರೆ 'ಹೋಮ್' ಸಿನಿಮಾ?" ಅಂತ ಇನ್ನೊಬ್ಬರು. ಭೂಮಿ ಹಾಳಾಗುತ್ತಿರುವುದರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ಅದು. ಫ್ರಾನ್ಸಿನ ಫೋಟೋಗ್ರಾಫರ್ ಯಾನ್ ಆರ್ತ್ಯೂಸ್-ಬೆರ್ತ್ರಾಂ 50ಕ್ಕೂ ಹೆಚ್ಚು ದೇಶಗಳನ್ನು ಆಕಾಶದಿಂದಲೇ ಚಿತ್ರಿಸಿ, 2009ರ ಜೂನ್ 5ರಂದು ಥಿಯೇಟರ್, ಟೀವಿ, ಯೂಟ್ಯೂಬ್ ಎಲ್ಲದರಲ್ಲೂ ಒಟ್ಟಿಗೇ ಬಿಟ್ಟರು. ಸರಿ. ಆದರೆ ನೀವು ನೋಡುತ್ತಿರುವುದು ಏನು ಅಂತ ಅಲ್ಲಿ ಒಂದು ದನಿ ಹೇಳುತ್ತಾ ಹೋಗುತ್ತದೆ. ಮ್ಯೂಟ್ ಮಾಡಿ ನೋಡಿ. ವಾಲ್‌ಪೇಪರ್! ತಡೀರಿ, ಪಕ್ಕದ ಮನೆ ಕುಕ್ಕರ್ ಕೂಗುತ್ತಿದೆ.

ಹಾಂ. "ಜಾಗೃತಿ ಮೂಡುತ್ತೆ ಸಾರ್." ಯಾರಿಗೆ? ಲಕ್ಯಾ ವಿಡಿಯೋ ಕೆಳಗೆ ಕಾಮೆಂಟ್ ಓದಿ. "ಬ್ರೋ ಲೊಕೇಶನ್ ಕಳಿಸಿ." "ಯಾವ ಡ್ರೋನ್ ಬ್ರೋ?" ಬಂತಲ್ಲ ಜಾಗೃತಿ!

ಕೆಳಗೆ ಇಳೀರಿ ಅಂತ ಹೇಳುತ್ತಿದ್ದೇನೆ, ಅಷ್ಟೇ. ಮೇಲಿಂದ ಒಂದು ಶಾಟ್ ತಗೊಳ್ಳಿ, ಬೇಡ ಅಂದವರ್ಯಾರು, ಆಮೇಲೆ ಇಳೀರಿ. ಡ್ಯಾಮಿನ ಕೆಳಗಿನ ಹೊಳೆ ಪಕ್ಕದ ಗದ್ದೆಯವರನ್ನು ಮಾತಾಡಿಸಿ. ಇಂಬಳ, ಅದೇ ಜಿಗಣೆ, ಕಚ್ಚಿಸಿಕೊಳ್ಳಿ. ಮೇಲೆ ಇಂಬಳ ಇಲ್ಲ, ವಾಸನೆ ಇಲ್ಲ, ಬೈಯುವವರೂ ಇಲ್ಲ, ಸುಮ್ನೆ ಚಂದ. ಚಂದ, ಚಂದ, ಚಂದ! ತಲೆ ಕೆಟ್ಟು ಹೋಗಿದೆ ನನಗೆ ಈ ಚಂದ ನೋಡಿ.

ಆ ಹೊಟ್ಟೆಕಿಚ್ಚಿನ ಕಾಮೆಂಟನ್ನು ಪಿನ್ ಮಾಡಿದ್ದೇನೆ. ಹಾಕಿದವರೇ, ನಾಲ್ಕರಲ್ಲಿ ಒಂದು ಕಂತು ಕಟ್ಟೋ ಮನಸ್ಸಿದ್ದರೆ ಕ್ಯೂಆರ್ ಕೋಡ್ ಅದರ ಕೆಳಗೇ ಇದೆ.