ಕೊಹಿಮಾ ಗುಡ್ಡದ ಹೆಸರುಗಳು

ನಮಸ್ಕಾರ ಕೇಳುಗರೇ. ನಾಗಾಲ್ಯಾಂಡಿನ ಕೊಹಿಮಾದಲ್ಲಿ, ಪೇಟೆಯ ಗಲಾಟೆಗೆ ಅಂಟಿಕೊಂಡೇ, ಒಂದು ಗುಡ್ಡದ ಮೈಮೇಲೆ ಯುದ್ಧ ಸ್ಮಶಾನವಿದೆ. ಹೋದ ವರ್ಷ ನೋಡಿ ಬಂದೆ. ಅವತ್ತಿನಿಂದ ಯಾರು ಸಿಕ್ಕರೂ ಅದರದ್ದೇ ಮಾತು.

ಗೇಟು ದಾಟಿದರೆ ಮೇಲಕ್ಕೆ ಹಂತ ಹಂತವಾಗಿ ಹುಲ್ಲುಹಾಸು, ಸಾಲು ಸಾಲು ಗೋರಿಗಳು. ಎರಡನೇ ಮಹಾಯುದ್ಧದಲ್ಲಿ ಸತ್ತ 1,420 ಯೋಧರು ಇಲ್ಲಿದ್ದಾರೆ. ಎತ್ತರದ ಕಲ್ಲುಗಳಲ್ಲ, ನೆಲಕ್ಕೆ ತಾಗಿದ ಹಾಗಿರುವ ಪುಟ್ಟ ಕಂಚಿನ ಫಲಕಗಳು, ಓದಬೇಕಾದರೆ ಬಗ್ಗಲೇಬೇಕು. ಹೆಸರು, ದಳ, ಸತ್ತ ದಿನ, ವಯಸ್ಸು. ಕೆಲವಕ್ಕೆ ಕೊನೆಯಲ್ಲಿ ಮನೆಯವರು ಬರೆಸಿದ ಒಂದು ಸಾಲು. ಇಪ್ಪತ್ತೊಂದು, ಇಪ್ಪತ್ಮೂರು ಅಂತ ವಯಸ್ಸು ಓದುತ್ತಾ ಹೋದರೆ ಎದೆ ಭಾರವಾಗುತ್ತದೆ, ಅಲ್ವಾ?

1944ರ ಏಪ್ರಿಲ್‌ನಲ್ಲಿ ಜಪಾನಿ ಸೇನೆ ಬರ್ಮಾ ಕಡೆಯಿಂದ ಬಂದು ಈ ಊರನ್ನು ಸುತ್ತುವರಿಯಿತು. ಇಂಫಾಲದಿಂದ ದಿಮಾಪುರದ ರೈಲು ನಿಲ್ದಾಣಕ್ಕೆ ಹೋಗುವ ರಸ್ತೆ ಕೊಹಿಮಾ ದಾಟಿಯೇ ಹೋಗಬೇಕು, ಅದಕ್ಕೇ ಇಷ್ಟು ಹೊಡೆದಾಟ. ಒಳಗೆ ಸಿಕ್ಕಿಕೊಂಡ ಬ್ರಿಟಿಷ್ ಮತ್ತು ಭಾರತೀಯ ಯೋಧರಿಗೆ ಕುಡಿಯುವ ನೀರಿಗೂ ಬರ. ಗುಡ್ಡದ ಮೇಲೆ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನ್ನಿಸ್ ಅಂಗಳವಿತ್ತು. ಅದರ ಆ ಕಡೆ ಜಪಾನಿಯರು, ಈ ಕಡೆ ಇವರು, ನಡುವೆ ಕೈಬಾಂಬು ಹಾರಾಟ. ಬಂಗಲೆ ಉಳಿಯಲಿಲ್ಲ. ಆದರೆ ಅಂಗಳದ ಗೆರೆಗಳನ್ನು ಕಾಂಕ್ರೀಟಿನ ಬಿಳಿ ಪಟ್ಟಿ ಹಾಕಿ ಉಳಿಸಿದ್ದಾರೆ. ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ನೋಡಿದೆ. ನಮ್ಮ ಬೀದಿಯಲ್ಲಿ ಎದುರು ಮನೆಯವರನ್ನು ಕೂಗಿ ಕರೆಯುವಷ್ಟು ದೂರ, ಅಷ್ಟೇ.

ಜಾಸ್ತಿ ಜನ ಅಲ್ಲಿ ಫೋಟೋ ತೆಗೆದು, ಪಕ್ಕದ ಚೆರ್ರಿ ಮರ ನೋಡಿ ವಾಪಸ್ ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನೂ ಮೇಲೆ ಹತ್ತಿ. ತುತ್ತತುದಿಯಲ್ಲಿ ಇನ್ನೊಂದು ಸ್ಮಾರಕವಿದೆ, ಗೋರಿಯೇ ಇಲ್ಲದವರದ್ದು. ತಮ್ಮ ಧರ್ಮದಂತೆ ದಹನವಾದ ಹಿಂದೂ ಮತ್ತು ಸಿಖ್ ಯೋಧರು, ಒಟ್ಟು 917 ಮಂದಿ. ಕೆಳಗೆ ಒಬ್ಬೊಬ್ಬರಿಗೂ ಒಂದೊಂದು ಫಲಕ, ಅದರ ಬುಡದಲ್ಲಿ ಹೂಗಿಡ. ಇಲ್ಲಿ ಎಲ್ಲರಿಗೂ ಸೇರಿ ಒಂದೇ ಸ್ಮಾರಕ. ಇವರ ಮನೆಯವರಲ್ಲಿ ಎಷ್ಟು ಜನಕ್ಕೆ ಇಷ್ಟು ದೂರ ಬರುವುದಕ್ಕೆ ಆಗಿರಬಹುದು? ಹೆಸರಿನ ಮೇಲೆ ಬೆರಳಿಟ್ಟ ಅಮ್ಮ ಯಾರಾದರೂ ಇದ್ದರಾ?

ಸುಮ್ನೆ ನಿಂತಿರಲು ಆಗಲಿಲ್ಲ. ಸಣ್ಣ ದನಿಯಲ್ಲಿ ಒಂದೊಂದೇ ಹೆಸರು ಓದಲು ಶುರುಮಾಡಿದೆ. ಅಷ್ಟರಲ್ಲಿ ಮಳೆ ಹನಿಯಿತು, ಕಾವಲಿನವರು ಕೆಳಗಿನಿಂದ ಕೈಬೀಸಿ ಕರೆದರು. ಓದಬೇಕಾದ ಹೆಸರುಗಳು ಇನ್ನೂ ಬಹಳ ಇದ್ದವು.