ಮೇಜಿನೊಳಗಿನ ಚೆಂಡು

ಕೇಳುಗರಿಗೆ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾನೊಂದು ಪುಟ್ಟ ತರಗತಿ ನಡೆಸುತ್ತೇನೆ. ಬರುವವರು ಒಂಬತ್ತು ಮಂದಿ ಹುಡುಗಿಯರು. ಎಲ್ಲರೂ ಬಾಲವಾಡಿ ಶಿಕ್ಷಕಿಯರಾಗಲು ತರಬೇತಿ ಪಡೆಯುತ್ತಿರುವವರು. ಕೆಲವರ ಮನೆಮಾತು ತುಳು, ಉಳಿದವರದು ಕನ್ನಡ. ಒಬ್ಬಳ ಹಿರಿಯರು ವಿಜಯಪುರದ ಕಡೆಯಿಂದ ಬಂದವರು, ಇನ್ನೊಬ್ಬಳ ತಂದೆಗೆ ಹೋಟೆಲಿನಲ್ಲಿ ಕೆಲಸ. ನೆರೆಯವರೊಡನೆ ಮರಾಠಿ, ಮಾರುಕಟ್ಟೆಯಲ್ಲಿ ಹಿಂದಿ, ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಇವೆಲ್ಲವೂ ಒಟ್ಟಿಗೆ. ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲ ಈ ಹುಡುಗಿಯರು ಇಂಗ್ಲಿಷ್ ಎಂದೊಡನೆ ದನಿ ತಗ್ಗಿಸುತ್ತಾರೆ. "ಟೀಚರ್, ನನ್ನದು ಕನ್ನಡ ಮಾಧ್ಯಮ" ಎಂದು ತಪ್ಪೊಪ್ಪಿಕೊಳ್ಳುವವರಂತೆ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೀಗೆ ಹೇಳಿದವಳೊಬ್ಬಳು ಕಳೆದ ಮಳೆಗಾಲದಲ್ಲಿ ನಮ್ಮೆದುರು ಅಭ್ಯಾಸ ಪಾಠ ಮಾಡುತ್ತಿದ್ದಳು. ಪಕ್ಕದ ಮನೆಯ ಮರಾಠಿ ಕುಟುಂಬದ ನಾಲ್ಕು ವರ್ಷದ ಹುಡುಗನನ್ನು ಕರೆತಂದು ಕೂರಿಸಿದ್ದೆವು. ಅವಳು ಅವನ ಕೈಗೆ ಕೆಂಪು ಚೆಂಡು ಕೊಟ್ಟು, ಗಟ್ಟಿಯಾಗಿ, "ಪುಟ್ ದ ಬಾಲ್ ಇನ್ ದ ಟೇಬಲ್" ಎಂದಳು. ಹುಡುಗ ಮೇಜನ್ನು ನೋಡಿದ, ಅವಳ ಮುಖ ನೋಡಿದ. ಮೇಜಿಗೆ ಒಂದು ಸುತ್ತು ಬಂದು ಕುಕ್ಕರುಗಾಲಲ್ಲಿ ಕುಳಿತು ಅಡಿಯಲ್ಲಿ ಇಣುಕಿದ. ಅಲ್ಲೊಂದು ಡ್ರಾಯರ್ ಇತ್ತು. ಮಳೆಯ ತೇವಕ್ಕೆ ಉಬ್ಬಿಕೊಂಡಿದ್ದ ಅದನ್ನು ಎರಡೂ ಕೈಯಿಂದ ಎಳೆದು ತೆರೆದ. ಚೆಂಡು ಅದರೊಳಗೆ ಹಿಡಿಸಲಿಲ್ಲ. ಹೇಗೆ ಒತ್ತಿದರೂ ಮೇಲೆ ಉಳಿಯಿತು. ಹಿಂದೆ ಕುಳಿತಿದ್ದವರು ನಕ್ಕುಬಿಟ್ಟರು. ಮಗು ಚೆಂಡನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿತು.

ತಾನು ಕೇಳಿದ್ದನ್ನು ಆ ಹುಡುಗ ಪೂರ್ತಿ ನಂಬಿದ್ದ. ದೊಡ್ಡವರಾದ ನಾವು ತಪ್ಪು ಮಾತನ್ನು ಮನಸ್ಸಿನಲ್ಲೇ ಸರಿಮಾಡಿಕೊಂಡು ಮುಂದೆ ಹೋಗುತ್ತೇವೆ. ನಾಲ್ಕು ವರ್ಷದ ಮಗುವಿಗೆ ಆ ಅನುಕೂಲವಿಲ್ಲ. ಟೀಚರು ಹೇಳಿದ್ದೇ ಭಾಷೆ. ಆದ್ದರಿಂದ ನಾನು ಈ ಹುಡುಗಿಯರಿಗೆ ಹೇಳುವುದು ಒಂದೇ ಮಾತು. ಚಿಕ್ಕ ಮಕ್ಕಳ ತರಗತಿಗೆ ದೊಡ್ಡ ಇಂಗ್ಲಿಷು ಬೇಡ. ಹತ್ತಿಪ್ಪತ್ತು ಬಗೆಯ ಚಿಕ್ಕ ವಾಕ್ಯಗಳು ಸಾಕು, ಆದರೆ ಅವುಗಳಲ್ಲಿ ಒಂದು ಪದವೂ ಹುಸಿಯಾಗಬಾರದು. ಅವನ್ನು ಕಲಿಯಲು ಬೇಕಾದ ವ್ಯಾಕರಣದ ಅರ್ಧಪಾಲು ನಿಮ್ಮ ಕನ್ನಡದಲ್ಲೇ ಇದೆ.

ಆ ಚೆಂಡಿನ ವಿಷಯವನ್ನೇ ನೋಡಿ. ನಾವು ಗೋಡೆಯಲ್ಲಿ ಗಡಿಯಾರವಿದೆ ಎನ್ನುತ್ತೇವೆ, ಚೀಲದಲ್ಲಿ ಡಬ್ಬಿಯಿದೆ ಎನ್ನುತ್ತೇವೆ, ಅಮ್ಮ ಮನೆಯಲ್ಲಿದ್ದಾಳೆ ಎನ್ನುತ್ತೇವೆ. ಮೂರು ಕಡೆಯೂ 'ಅಲ್ಲಿ' ಎಂಬ ಒಂದೇ ಪ್ರತ್ಯಯ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಪ್ತಮೀ ವಿಭಕ್ತಿ ಅದು. ಇಂಗ್ಲಿಷು ಇದೇ ಕೆಲಸಕ್ಕೆ ಮೂರು ಪದ ಇಟ್ಟುಕೊಂಡಿದೆ. ಗಡಿಯಾರ ಗೋಡೆಯ ಮೈಗೆ ತಾಗಿದೆ, ಅದಕ್ಕೆ 'ಆನ್'. ಡಬ್ಬಿ ಚೀಲದ ಹೊಟ್ಟೆಯೊಳಗಿದೆ, ಅದಕ್ಕೆ 'ಇನ್'. ಅಮ್ಮ ಇರುವ ಠಾವು ಮನೆ, ಅದಕ್ಕೆ 'ಆಟ್'. ನಮ್ಮ ಹುಡುಗಿ 'ಮೇಜಿನಲ್ಲಿ ಇಡು' ಎಂದು ಒಳಗೊಳಗೆ ಯೋಚಿಸಿ ಆ 'ಅಲ್ಲಿ'ಯನ್ನು 'ಇನ್' ಎಂದು ಒಯ್ದಳು. ಹಾಗಾದರೆ ಇಂಗ್ಲಿಷಿಗೆ ಹೋಗುವ ಮುನ್ನ ಕನ್ನಡದಲ್ಲೇ ಒಮ್ಮೆ ಕೇಳಿಕೊಂಡರಾಯಿತು: ಮೇಲೆಯೋ, ಒಳಗೋ? ಉತ್ತರ ತಾನಾಗಿ ಬರುತ್ತದೆ. 'ಮೇಲೆ' ಎಂಬಲ್ಲಿಯೂ ಒಂದು ಎಚ್ಚರ ಬೇಕು. ತಲೆಯ ಮೇಲೆ ಟೋಪಿ ಇದೆ, ತಲೆಯ ಮೇಲೆ ಫ್ಯಾನೂ ಇದೆ. ಟೋಪಿಗೆ 'ಆನ್', ಫ್ಯಾನಿಗೆ 'ಅಬವ್'. ತಾಗಿದ್ದು ಯಾವುದು, ತಾಗದೆ ಮೇಲಿರುವುದು ಯಾವುದು ಎಂದು ಮಕ್ಕಳೊಡನೆ ಟೋಪಿ ಹಾಕಿಕೊಂಡೇ ಆಡಬಹುದು.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ 'ಎ' ಮತ್ತು 'ದ'. ಕನ್ನಡದಲ್ಲಿ ಅಂಥ ಪದವೇ ಇಲ್ಲವಲ್ಲ ಎನ್ನುತ್ತಾರೆ. ಪದ ಇಲ್ಲ, ನಿಜ. ಅರ್ಥ ಇದೆ. ಅಜ್ಜಿ ಕಥೆ ಶುರುಮಾಡುವ ಬಗೆಯನ್ನು ನೆನಪಿಸಿಕೊಳ್ಳಿ. "ಒಂದಾನೊಂದು ಊರು. ಅಲ್ಲಿ ಒಬ್ಬ ರಾಜ. ಆ ರಾಜನಿಗೆ ಮೂವರು ಮಕ್ಕಳು." ಮೊದಲ ಸಲ 'ಒಬ್ಬ', ಎರಡನೆಯ ಸಲ 'ಆ'. ರಾಜನ ಪರಿಚಯ ಆಗುವ ತನಕ 'ಎ ಕಿಂಗ್', ಆದ ಮೇಲೆ 'ದ ಕಿಂಗ್'. ಇನ್ನೂ ಒಂದು ಸೂಕ್ಷ್ಮವಿದೆ, ಅದನ್ನು ಹೇಳುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ. ನಾವು "ಪುಸ್ತಕ ತಾ" ಎಂದರೆ ಯಾವುದಾದರೂ ಒಂದು ಪುಸ್ತಕ. "ಪುಸ್ತಕವನ್ನು ತಾ" ಎಂದರೆ ನಮ್ಮಿಬ್ಬರಿಗೂ ಗೊತ್ತಿರುವ ಆ ಪುಸ್ತಕ. 'ಬ್ರಿಂಗ್ ಎ ಬುಕ್', 'ಬ್ರಿಂಗ್ ದ ಬುಕ್'. ಇಂಗ್ಲಿಷು ಪದದ ಮೊದಲು ಒಂದು ಚೂರು ಸೇರಿಸಿ ಹೇಳುವುದನ್ನು, ವಸ್ತುಗಳ ವಿಷಯದಲ್ಲಿ, ಕನ್ನಡ ತನ್ನ ದ್ವಿತೀಯಾ ವಿಭಕ್ತಿಯಿಂದಲೇ ಸೂಚಿಸುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದ ದಿನ, ಒಂಬತ್ತು ಮಂದಿಯಲ್ಲಿ ಮೊದಲು ಹಿಡಿದವಳು ಆ ಕನ್ನಡ ಮಾಧ್ಯಮದ ಹುಡುಗಿಯೇ. "ಹಾಗಾದರೆ ನನಗೆ ಇದು ಮೊದಲೇ ಗೊತ್ತಿತ್ತು" ಎಂದಳು. ಗೊತ್ತಿತ್ತು ಮಗಳೇ, ಹೆಸರು ಮಾತ್ರ ಗೊತ್ತಿರಲಿಲ್ಲ.

ಪ್ರಶ್ನೆ ಕೇಳುವಲ್ಲಿ ಮಾತ್ರ ಎರಡು ಭಾಷೆಗಳೂ ಎದುರುಬದುರು ದಾರಿ ಹಿಡಿಯುತ್ತವೆ. ಕನ್ನಡ ವಾಕ್ಯದ ಕೊನೆಗೆ ಒಂದು ಸ್ವರ ಅಂಟಿಸುತ್ತದೆ: ಬಂದಳು, ಬಂದಳೇ? ಇಂಗ್ಲಿಷು ಸಹಾಯಕ ಕ್ರಿಯಾಪದವನ್ನು ಮುಂದಕ್ಕೆ ಎಳೆದು ತರುತ್ತದೆ. ಅದಕ್ಕೇ ನಮ್ಮವರ ಬಾಯಲ್ಲಿ "ವಾಟ್ ಯೂ ಆರ್ ಡ್ರಾಯಿಂಗ್?" ಎಂದು ಬರುವುದು. "ವಾಟ್ ಆರ್ ಯೂ ಡ್ರಾಯಿಂಗ್?" ಎಂಬುದಕ್ಕೆ ನಾಲಿಗೆಯನ್ನೇ ಪಳಗಿಸಬೇಕು. ಇದಕ್ಕೆ ಅಡ್ಡದಾರಿಯಿಲ್ಲ, ಗಟ್ಟಿಯಾಗಿ ಹೇಳಿ ಹೇಳಿ ರೂಢಿಯಾಗಬೇಕು.

ಮುಂಬಯಿಯದೇ ಆದ ಕೆಲವು ಮಾತುಗಳಿವೆ. "ಲೈಟ್ ಬಂದ್ ಕರೋ" ಎಂಬುದು "ಕ್ಲೋಸ್ ದ ಲೈಟ್" ಆಗುತ್ತದೆ, "ಮಸ್ತಿ ಮತ್ ಕರೋ" ಎಂಬುದು "ಡೋಂಟ್ ಡು ಮಸ್ತಿ" ಆಗುತ್ತದೆ. ಮೊದಲನೆಯದನ್ನು "ಟರ್ನ್ ಆಫ್ ದ ಲೈಟ್" ಎಂದು ತಿದ್ದಿಕೊಳ್ಳುವುದು ಸುಲಭ. ಎರಡನೆಯದರ ಬಗ್ಗೆ ನನ್ನ ತಕರಾರು ವ್ಯಾಕರಣದ್ದಲ್ಲ. ಓಡಬೇಡ, ಕಿರುಚಬೇಡ, ಮುಟ್ಟಬೇಡ ಎಂಬ ಬೇಡಗಳ ಸರಮಾಲೆಯಲ್ಲಿ ಏನು ಮಾಡಬೇಕು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. 'ಡೋಂಟ್ ರನ್' ಎನ್ನುವ ಬದಲು 'ವಾಕ್ ಸ್ಲೋಲಿ, ಪ್ಲೀಸ್' ಎನ್ನಿ. 'ಡೋಂಟ್ ಶೌಟ್' ಎನ್ನುವಲ್ಲಿ 'ಯೂಸ್ ಎ ಸಾಫ್ಟ್ ವಾಯ್ಸ್' ಎನ್ನಿ, ಮತ್ತು ನೀವೇ ಮೆಲ್ಲಗೆ ಹೇಳಿ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ನಮ್ಮ ಮನೆಗಳಲ್ಲಿ ಪುಟ್ಟ ಮಗುವಿಗೂ ಅಕ್ಕರೆಯಿಂದ 'ಬನ್ನಿ, ಕುಳಿತುಕೊಳ್ಳಿ' ಎನ್ನುವವರಿದ್ದಾರೆ. ಆ ಗೌರವವನ್ನೆಲ್ಲ ಇಂಗ್ಲಿಷಿನಲ್ಲಿ 'ಪ್ಲೀಸ್' ಎಂಬ ಒಂದು ಪದ ಮತ್ತು ನಿಮ್ಮ ದನಿ ಹೊರಬೇಕು.

'ಲೆಟ್ಸ್' ಎಂಬುದಂತೂ ನಮಗೆ ತವರಿನ ಬಳುವಳಿಯಂತೆ ಬಂದಿದೆ. ಹಾಡೋಣ, ಕುಣಿಯೋಣ, ಕೈ ತೊಳೆಯೋಣ. ಕನ್ನಡದ ಆ 'ಓಣ' ಇಂಗ್ಲಿಷಿನ 'ಲೆಟ್ಸ್'ಗೆ ಅಚ್ಚಿನಿಂದ ತೆಗೆದಂತೆ ಹೊಂದುತ್ತದೆ. ಅಪ್ಪಣೆಯಲ್ಲಿ ತಾನೂ ಪಾಲುಗೊಳ್ಳುವ ರೂಪ ಅದು. ಒಂದೇ ನಿಯಮ: 'ಲೆಟ್ಸ್ ವಾಶ್ ಅವರ್ ಹ್ಯಾಂಡ್ಸ್' ಎಂದವಳು ತಾನೂ ನಲ್ಲಿಯ ಕೆಳಗೆ ಕೈ ಒಡ್ಡಬೇಕು. ಹೇಳಿ ದೂರ ನಿಂತರೆ ಮಕ್ಕಳು ಒಂದೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಇನ್ನು ಮಗುವಿನ ತಪ್ಪುಗಳು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಮಕ್ಕಳಿಗೆ ಹಕ್ಕಿಯಂಥ ಒಂದು ಚಿತ್ರ ತೋರಿಸಿ, ಇದು 'ವಗ್' ಎಂದರು. ಅಂಥ ಪದ ಇಂಗ್ಲಿಷಿನಲ್ಲಿಯೇ ಇಲ್ಲ, ಅವರು ಕಟ್ಟಿದ್ದು. ಈಗ ಎರಡಿವೆ, ಎರಡು ಏನು ಎಂದು ಕೇಳಿದರೆ ಬಹುಪಾಲು ಮಕ್ಕಳು 'ವಗ್ಸ್' ಎಂದರು. ಎಂದೂ ಕೇಳದ ಪದಕ್ಕೆ ಬಹುವಚನ ಹಚ್ಚಿದರೆಂದರೆ ನಿಯಮ ಆಗಲೇ ಒಳಗೆ ಕಟ್ಟಿಕೊಂಡಿತ್ತು. ಕನ್ನಡದ ಕೂಸು 'ಬಿದ್ದೆ' ಎನ್ನುವ ಬದಲು 'ಬೀಳಿದೆ' ಎನ್ನುವುದೂ ಇದೇ ಬುದ್ಧಿಯಿಂದ. ಆಗ ಮನೆಯಲ್ಲಿ ಅಜ್ಜಿ ಏನು ಮಾಡುತ್ತಾಳೆ? ಬೈಯುವುದಿಲ್ಲ. "ಅಯ್ಯೋ ಬಂಗಾರ, ಬಿದ್ದೆಯಾ? ಎಲ್ಲಿ ಬಿದ್ದೆ?" ಎನ್ನುತ್ತಾಳೆ. ಮಗುವಿನ ಮಾತಿಗೆ ಉತ್ತರವೂ ಸಿಕ್ಕಿತು, ಸರಿಯಾದ ರೂಪ ಎರಡು ಸಲ ಕಿವಿಗೂ ಬಿತ್ತು. ಶಿಶುಶಿಕ್ಷಣದ ತರಬೇತಿಯಲ್ಲಿ ಇದನ್ನೇ ಒಂದು ವಿಧಾನವೆಂದು ಕಲಿಸುತ್ತಾರೆ. ಮಗು "ಐ ಗೋಡ್ ಟು ಗಾರ್ಡನ್" ಎಂದರೆ "ಓ, ಯೂ ವೆಂಟ್ ಟು ದ ಗಾರ್ಡನ್! ಹೂ ವೆಂಟ್ ವಿತ್ ಯೂ?" ಎನ್ನಬೇಕು.

ಕೇಳಿದ ಮೇಲೆ ಕಾಯಬೇಕು. ಇದು ನಮ್ಮ ಹುಡುಗಿಯರಿಗೆ ಬಲು ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಮಾಡಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಬಾಯಿ ಬಿಡದೆ ಕೂರುವವರು ಕಡಿಮೆಯಾದರು. ಮನೆಯಲ್ಲಿ ಬೇರೆ ಮಾತಾಡುವ ಮಗುವಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಂಡೇ ಇರುವ ಮಕ್ಕಳೂ ಇದ್ದಾರೆ. ಅವರು ದಡ್ಡರಲ್ಲ, ತುಂಬಿಕೊಳ್ಳುತ್ತಿದ್ದಾರೆ.

ಅಷ್ಟು ದಿನ ಮಗು ಯಾವ ಮಾತಿನಲ್ಲಿ ಅಳಬೇಕು, ನೀರು ಕೇಳಬೇಕು? ತನ್ನ ಮಾತಿನಲ್ಲಿಯೇ. ಈ ನಾಡಿಗೆ ಇದು ಹೊಸ ವಿಚಾರವಲ್ಲ. ಮುಂಬಯಿಯಲ್ಲಿ 1892ರಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಅವರೊಡನೆ 1945ರಲ್ಲಿ ಬೋರ್ಡಿ ಎಂಬ ಊರಿನಲ್ಲಿ, ಮುಂದೆ ಡಹಾಣೂ ಬಳಿಯ ಕೋಸ್ಬಾಡ್ ಗುಡ್ಡದಲ್ಲಿ ಶಿಶುಶಿಕ್ಷಣ ನಡೆಸಿದರು. ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಹಾಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಬುನಾದಿಯ ಹಂತವೆಂದು ಕರೆದು, ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆಯಾಗಲಿ ಎಂದಿದೆ. ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದ ಪಾಲಿಕೆ ನಮ್ಮ ಮುಂಬಯಿಯದು. ಆದರೂ ಇಂಗ್ಲಿಷ್ ಶಾಲೆಯ ಬಾಗಿಲಲ್ಲಿ ಮನೆಮಾತನ್ನು ಚಪ್ಪಲಿಯಂತೆ ಕಳಚಿಟ್ಟು ಬಾ ಎನ್ನುವವರನ್ನು ಕಂಡಿದ್ದೇನೆ. ನನ್ನ ಹುಡುಗಿಯರು ಹಾಗಾಗಬಾರದು ಎಂಬುದು ನನ್ನ ಹಟ.

ದೀಪಾವಳಿ ಕಳೆದ ಮೇಲೆ ಅದೇ ಪಕ್ಕದ ಮನೆಯ ಹುಡುಗನನ್ನು ಮತ್ತೆ ಕರೆದೆವು. ಬರುವನೋ ಇಲ್ಲವೋ ಎಂಬ ಅಳುಕಿತ್ತು, ಬಂದ. ಆ ಹುಡುಗಿ ಈ ಸಲ ಅವನ ಎತ್ತರಕ್ಕೆ ಮಂಡಿಯೂರಿ ಕುಳಿತು, ಮೆಲ್ಲಗೆ, "ಪುಟ್ ದ ಬಾಲ್ ಆನ್ ದ ಟೇಬಲ್, ಪ್ಲೀಸ್" ಎಂದು ಸುಮ್ಮನಾದಳು. ಅವಳ ತುಟಿ ಎಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹುಡುಗ ಚೆಂಡನ್ನು ಮೇಜಿನ ಮೇಲಿಟ್ಟ. ಅದು ನಿಲ್ಲದೆ ಉರುಳಿ ಕೆಳಗೆ ಬಿತ್ತು.

"ಇಟ್ ಫಾಲ್ಡ್!" ಎಂದ.

"ಯೆಸ್, ಇಟ್ ಫೆಲ್! ವೇರ್ ಡಿಡ್ ಇಟ್ ಗೋ?"

ಅವನು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದ. ಅವಳು ಕಾದಳು.

"ಅಂಡರ್ ದ ಕಪಾಟ್."

ಕಪಾಟು ಮರಾಠಿಯಲ್ಲೂ ಕಪಾಟೇ, ಕನ್ನಡದಲ್ಲೂ ಕಪಾಟೇ. "ಅಂಡರ್ ದ ಕಪ್‌ಬೋರ್ಡ್! ಲೆಟ್ಸ್ ಲುಕ್" ಎಂದು ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲೇ ನೆಲದ ಮೇಲೆ ಬೋರಲು ಮಲಗಿ, ಕಪಾಟಿನ ಕೆಳಗೆ ಕೈ ಚಾಚಿದಳು.