ಒಂದು ಮಾರು ಆಕಾಶ, ಮೂವತ್ತು ಸಾವಿರ ಪೆಸೊ

ಕೇಳುಗರಿಗೆ ನಮಸ್ಕಾರ.

ಫಿಲಿಪೀನ್ಸ್‌ನಲ್ಲಿ ಕಾನೂನು ಓದುವವರು ಒಬ್ಬ ಕವಿಯ ಹೆಸರನ್ನು ತಪ್ಪದೆ ಕಲಿಯುತ್ತಾರೆ. ಕಾವ್ಯಕ್ಕಾಗಿ ಅಲ್ಲ, ಜಾಮೀನಿಗಾಗಿ. ಆ ಕವಿ ಅಮಾಡೊ ಹೆರ್ನಾಂಡೆಸ್.

1903ರಲ್ಲಿ ಹುಟ್ಟಿದ ಹೆರ್ನಾಂಡೆಸ್ ಬೆಳೆದದ್ದು ಮನಿಲಾದ ಟೊಂಡೊದಲ್ಲಿ, ಕೂಲಿಕಾರರೇ ತುಂಬಿದ್ದ ಕೇರಿಗಳ ನಡುವೆ. ಅಮೆರಿಕನ್ನರು ಆಳುತ್ತಿದ್ದ ಕಾಲ. ಇಂಗ್ಲಿಷಿನಲ್ಲಿ ಬರೆದರೆ ಮನ್ನಣೆ ಹೆಚ್ಚು. ಈ ಮನುಷ್ಯ ಟಗಾಲೊಗ್ ಭಾಷೆಯನ್ನು ಬಿಡಲಿಲ್ಲ. ಕವಿತೆ ಬರೆದರು, ಪತ್ರಿಕೆ ನಡೆಸಿದರು, ಆ ಕಾಲದ ಹೆಸರಾಂತ ಗಾಯಕಿ, ರಂಗನಟಿ ಅಟಾಂಗ್ ದೆ ಲಾ ರಾಮಾ ಅವರನ್ನು ಮದುವೆಯಾದರು. ಜಪಾನೀಯರು ದೇಶವನ್ನು ಹಿಡಿದಾಗ ಗೆರಿಲ್ಲಾ ಪಡೆ ಸೇರಿದರು. 1947ರಲ್ಲಿ ದೇಶದ ದೊಡ್ಡ ಕಾರ್ಮಿಕ ಒಕ್ಕೂಟದ ಅಧ್ಯಕ್ಷರಾದರು. ತೊಂದರೆ ಶುರುವಾದದ್ದು ಅಲ್ಲಿಂದ.

ಲುಜಾನ್ ದ್ವೀಪದ ಮಧ್ಯಭಾಗದ ಗೇಣಿ ರೈತರು ಆಗ ಹುಕ್ ಎಂಬ ಕಮ್ಯುನಿಸ್ಟ್ ಪಡೆಯ ಹೆಸರಿನಲ್ಲಿ ಬಂದೂಕು ಎತ್ತಿದ್ದರು. ಕಾರ್ಮಿಕ ಒಕ್ಕೂಟ ಅವರ ನಗರದ ಮುಖವಾಡ ಎಂದು ಸರ್ಕಾರ ನಂಬಿತು. 1951ರ ಜನವರಿಯಲ್ಲಿ ಹೆರ್ನಾಂಡೆಸ್ ಬಂಧನವಾಯಿತು. ಕೆಳ ನ್ಯಾಯಾಲಯ ಆಜೀವ ಸೆರೆ ವಿಧಿಸಿತು.

ಮುಂಟಿನ್‌ಲುಪಾ ಸೆರೆಮನೆಯ ಒಂಟಿ ಕೋಣೆಯಲ್ಲಿ, 1952ರ ಏಪ್ರಿಲ್‌ನಲ್ಲಿ, ಅವರ ಅತ್ಯಂತ ಪ್ರಸಿದ್ಧ ಕವಿತೆ ಹುಟ್ಟಿತು. ಇಕ್ಕಟ್ಟಾದ ಕಿಟಕಿಯಲ್ಲಿ ಕಾಣುವುದು ಒಂದು ಮಾರು ಆಕಾಶ, ಅಷ್ಟೇ. ಕಾವಲುಗಾರನ ನೋಟ, ಎಳೆದಾಡುವ ಸರಪಳಿಯ ಸದ್ದು, ಪಕ್ಕದ ಕೋಣೆಯ ಕೈದಿಯ ಚೀತ್ಕಾರ ಎಲ್ಲವೂ ಅದರಲ್ಲಿವೆ. ನಾಳೆ ಇದೇ ತುಂಡು ಆಕಾಶದಲ್ಲಿ ಗೆಲುವಿನ ಸೂರ್ಯ ಮೂಡುತ್ತಾನೆ ಎಂಬ ಮಾತಿನಿಂದ ಕವಿತೆ ಮುಗಿಯುತ್ತದೆ. ಈ ಕೊನೆಯ ಭರವಸೆ ನನಗೆ ಸ್ವಲ್ಪ ಹೆಚ್ಚೆನಿಸುತ್ತದೆ. ಕವಿತೆಯ ನಿಜವಾದ ಬಲ ಆ ಕೋಣೆಯ ಸದ್ದುಗಳಲ್ಲಿದೆ. ಹೊರಬಂದ ಮೇಲೆ ಪ್ರಕಟಿಸಿದ ಎರಡು ಕಾದಂಬರಿಗಳ ಹೆಸರಿನಲ್ಲೇ ಸಿಟ್ಟಿದೆ: ಒಂದರಲ್ಲಿ ಮೊಸಳೆಯ ಕಣ್ಣೀರು, ಇನ್ನೊಂದರಲ್ಲಿ ಬೇಟೆಹಕ್ಕಿಗಳು.

ಇನ್ನು ಜಾಮೀನಿನ ಕಥೆ. ದಂಗೆ ಅಪರಾಧಕ್ಕೆ ಆಗಿನ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ ಹನ್ನೆರಡು ವರ್ಷ. ಮರಣದಂಡನೆಗೆ ಅದು ಸಾಲದು. ಆದ್ದರಿಂದ ಸರ್ಕಾರ ದಂಗೆಗೆ ಕೊಲೆ, ಬೆಂಕಿ ಹಚ್ಚುವಿಕೆ, ದರೋಡೆಗಳನ್ನು ಹೊಲಿದು ಒಂದೇ ಘೋರ ಅಪರಾಧವಾಗಿಸಿತು. ಆಗ ಜಾಮೀನಿನ ಹಕ್ಕೂ ತಪ್ಪುತ್ತದೆ. 1956ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹೊಲಿಗೆಯನ್ನು ಬಿಚ್ಚಿತು. ದಂಗೆಯ ಭಾಗವಾಗಿ ನಡೆದ ಕೊಲೆಯೂ ದಂಗೆಯಲ್ಲೇ ಅಡಕ, ಅದನ್ನು ಬೇರೆ ತೂಗುವಂತಿಲ್ಲ ಎಂದಿತು. ಮೂವತ್ತು ಸಾವಿರ ಪೆಸೊ ಜಾಮೀನಿನ ಮೇಲೆ, ಐದು ವರ್ಷಕ್ಕೂ ಹೆಚ್ಚು ಕಾಲದ ಸೆರೆಯ ನಂತರ, ಕವಿಗೆ ಬಿಡುಗಡೆಯ ದಾರಿ ತೆರೆಯಿತು. ಪೂರ್ತಿ ಖುಲಾಸೆಗೆ 1964ರವರೆಗೆ ಕಾಯಬೇಕಾಯಿತು. ಒಂದು ಸಿದ್ಧಾಂತವನ್ನು ನಂಬಿ ಮಾತನಾಡಿದ ಮಾತ್ರಕ್ಕೆ ಪಿತೂರಿ ಆಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

1970ರ ಮಾರ್ಚ್‌ನಲ್ಲಿ ಹೆರ್ನಾಂಡೆಸ್ ತೀರಿಕೊಂಡರು. 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಸೇನಾಡಳಿತ ಹೇರಿದರು, ಬರಹಗಾರರನ್ನೂ ಪತ್ರಕರ್ತರನ್ನೂ ಸೆರೆಗೆ ತಳ್ಳಿದರು. ಮರುವರ್ಷ ಅದೇ ಸರ್ಕಾರ ಹೆರ್ನಾಂಡೆಸ್ ಅವರಿಗೆ ರಾಷ್ಟ್ರೀಯ ಕಲಾವಿದ ಗೌರವ ನೀಡಿತು. ಸತ್ತ ಕವಿಯನ್ನು ಗೌರವಿಸುವುದು ಯಾವ ಆಡಳಿತಕ್ಕೂ ಕಷ್ಟವಲ್ಲ, ಬಿಡಿ.

ಮಾರ್ಕೋಸ್ ಅವರ ರಕ್ಷಣಾ ಸಚಿವರಾಗಿದ್ದವರು ಹುವಾನ್ ಪೋನ್ಸೆ ಎನ್ರಿಲೆ. 1990ರಲ್ಲಿ, ವಿಫಲವಾದ ಸೇನಾ ದಂಗೆಯ ಸಂಬಂಧ, ಅವರ ಬಂಧನವಾಯಿತು. ಆರೋಪ ಕೊಲೆಯೊಡನೆ ಹೊಲಿದ ದಂಗೆ. ಹೆರ್ನಾಂಡೆಸ್ ತೀರ್ಪನ್ನು ಕೈಬಿಡಬೇಕೆಂಬ ಸರ್ಕಾರದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸೇನಾಡಳಿತದ ರಕ್ಷಣಾ ಸಚಿವರಿಗೆ ಜಾಮೀನು ಉಳಿದದ್ದು ಒಬ್ಬ ಕಾರ್ಮಿಕ ನಾಯಕನ ಮೊಕದ್ದಮೆಯಿಂದ.

ನಮಸ್ಕಾರ.